ಲಾಯರಮ್ಮ ಕೇಳದ ಪ್ರಶ್ನೆ

ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳು ಹೆಚ್ಚಾದ ಮೇಲೆ ವಕೀಲರಿಗೂ ಕೈತುಂಬ ಕೆಲಸವಾಯಿತು. ಬಟ್ಟೆ ಕೊಟ್ಟವನು, ಹೊಲಿದವನು, ತೊಳೆದು ಬಣ್ಣ ಬಿಡಿಸಿದವನು, ಎಲ್ಲರೂ ಒಬ್ಬರ ಮೇಲೊಬ್ಬರು ದಾವೆ ಹಾಕುತ್ತಿದ್ದರು. ವಕೀಲೆ ಬಸವರಾಜೇಶ್ವರಿಯೂ ಮೊದಮೊದಲು ಅಂಥ ದಾವೆಗಳನ್ನೇ ನಡೆಸುತ್ತಿದ್ದಳು. ಒಮ್ಮೆ ಯಾವ ವಕೀಲರೂ ಒಪ್ಪದ ಒಂದು ಕೊಲೆ ಕೇಸನ್ನು ಕೋರ್ಟೇ ಅವಳಿಗೆ ವಹಿಸಿತು. ಆರೋಪಿ ಬಿಡುಗಡೆಯಾದ. ಅಲ್ಲಿಂದ ಪ್ಯಾಂಟಿನವರು ಬರುವುದು ನಿಂತು, ಕೊಲೆಯವರು ಬರತೊಡಗಿದರು.

ಊರಲ್ಲಿ ಅವಳಿಗೆ ಒಂದು ಬಗೆಯ ಮರ್ಯಾದೆ ಇತ್ತು. ತರಕಾರಿಯವಳು ತಕ್ಕಡಿ ಸರಿಯಾಗಿ ಹಿಡಿಯುತ್ತಿದ್ದಳು. ಮದುವೆ ಮನೆಯಲ್ಲಿ ಪಕ್ಕದವರು ಕೊಂಚ ಸರಿದು ಧಾರಾಳವಾಗಿ ಜಾಗ ಬಿಡುತ್ತಿದ್ದರು. ಅತ್ತೆ ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಂತೆ ಇವತ್ತು ಯಾರನ್ನು ಬಿಡಿಸಿದೆ ಎಂದು ಕೇಳುವರು. ಬೇಳೆ ಬೆಂದಿತೇ ಎಂದು ಕೇಳುವಾಗಲೂ ಅವರದು ಅದೇ ದನಿ.

ಕೆಲಸ ಕಲಿಸಿದವರು ಅನಂತಪುರದ ಹಿರಿಯ ವಕೀಲ ಕದಿರಪ್ಪ. ಜೀವನವಿಡೀ ಕೊಲೆ ಆರೋಪಿಗಳ ನಡುವೆ ಓಡಾಡಿ, ಕೊನೆಗೆ ಹಾಸಿಗೆಯಲ್ಲಿ ಮಲಗಿ ಮುಪ್ಪಿನಿಂದ ಸತ್ತವರು. ಕಕ್ಷಿದಾರನನ್ನು ಏನು ಬೇಕಾದರೂ ಕೇಳು, ಮಾಡಿದೆಯಾ ಎಂದು ಮಾತ್ರ ಕೇಳಬೇಡ ಎಂದು ಅವರು ಹೇಳುತ್ತಿದ್ದರು. ಮಾಡಿದೆ ಅಂದರೆ ನಿನ್ನ ನಾಲಗೆ ತೊದಲುತ್ತದೆ; ಮಾಡಿಲ್ಲ ಅಂದರೆ ನೀನು ನಂಬಿಬಿಡುತ್ತೀ, ಅದು ಇನ್ನೂ ಕೆಟ್ಟದ್ದು. ಬಸವರಾಜೇಶ್ವರಿ ಈ ಮಾತನ್ನು ಮೀರಿದವಳಲ್ಲ. ಅವಳು ಕೇಸು ಕಟ್ಟುತ್ತಿದ್ದದ್ದು ಪೊಲೀಸರ ಚಾರ್ಜ್‌ಶೀಟಿನಲ್ಲಿದ್ದ ತೂತುಗಳಿಂದ, ಕಕ್ಷಿದಾರರ ಬಾಯಿಂದಲ್ಲ. ತೂತುಗಳಿಗೆ ಎಂದೂ ಬರಗಾಲ ಬಂದಿರಲಿಲ್ಲ.

ದುರುಗಕ್ಕನ ಕೇಸು ಬಂದದ್ದು ಹೀಗೆ. ಬೊಮ್ಮನಹಾಳ್ ಕಡೆಯ ಒಂದು ಹಳ್ಳಿಯ ಈ ಹೆಂಗಸು ಗಂಡ ಸತ್ತ ಮೇಲೆ ಕುರಿ ಸಾಕಿಕೊಂಡಿದ್ದಳು. ಒಬ್ಬನೇ ಮಗ ಅಂಜಿನಿ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತ ಅಲ್ಲೇ ಇದ್ದ. ರಜೆ ಸಿಕ್ಕಾಗ ಊರಿಗೆ ಬರುತ್ತಿದ್ದ. ಹಾಗೆ ಬಂದ ಒಂದು ಸಂಜೆ ತಾಯಿ ಮಗ ಜಗಳವಾಡಿದ್ದನ್ನು ನೆರೆಯವರು ಕೇಳಿದರು. ಸ್ವಲ್ಪ ಹೊತ್ತಿಗೆ ಚೀರಾಟ ಕೇಳಿ ಓಡಿಬಂದರೆ, ಕುರಿದೊಡ್ಡಿಯ ಪಕ್ಕದಲ್ಲಿ ಅಂಜಿನಿ ತಲೆಯೊಡೆದು ಸತ್ತು ಬಿದ್ದಿದ್ದ. ದುರುಗಕ್ಕ ಎದೆ ಬಡಿದುಕೊಳ್ಳುತ್ತ ನಾನೇ ಕೊಂದೆ, ನಾನೇ ಕೊಂದೆ ಎನ್ನುತ್ತಿದ್ದಳು. ಮರುದಿನ ಹಳ್ಳಿಯ ಕಂದಾಯ ಅಧಿಕಾರಿ ವಿ.ಆರ್.ಒ. ಮುಂದೆಯೂ ಅದನ್ನೇ ಅಂದಳು. ಅವರು ಅದನ್ನು ತೆಲುಗಿನಲ್ಲಿ ನೀಟಾಗಿ ಬರೆದು, ಹೆಬ್ಬೆಟ್ಟು ಒತ್ತಿಸಿ, ಅವಳನ್ನೂ ಕಾಗದವನ್ನೂ ಪೊಲೀಸರಿಗೆ ಒಪ್ಪಿಸಿದರು. ಅಷ್ಟು ಹೇಳಿದ ಮೇಲೆ ಮುಂದೇನಾದರೂ ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ದುರುಗಕ್ಕನ ತಮ್ಮ ಓಬಳಪ್ಪ ವಕೀಲರನ್ನು ಹುಡುಕಿಕೊಂಡು ಬಂದ. ಹೆಂಗಸು, ವಯಸ್ಸಾದವಳು ಎಂದು ವಾದಿಸಿ ಬಸವರಾಜೇಶ್ವರಿ ಬೇಲ್ ಕೊಡಿಸಿದಳು. ಆಮೇಲೆ ದುರುಗಕ್ಕ ಆಗಾಗ ಆಫೀಸಿಗೆ ಬಂದು, ಕುರ್ಚಿ ಕೊಟ್ಟರೂ ನೆಲದ ಮೇಲೇ ಕೂರುತ್ತಿದ್ದಳು. ಬಸವರಾಜೇಶ್ವರಿ ಎಲ್ಲವನ್ನೂ ಕೇಳಿದಳು: ನೆರೆಮನೆ ಎಷ್ಟು ದೂರ, ಅವತ್ತು ಕರೆಂಟ್ ಇತ್ತೇ, ವಿ.ಆರ್.ಒ. ಯಾವ ಊರಿನವರು, ಅವರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಿದೆ. ಒಮ್ಮೆ ದುರುಗಕ್ಕ ತಾನಾಗಿಯೇ, “ಅವತ್ತು ಏನಾತಂದ್ರ ಲಾಯರಮ್ಮ…” ಎಂದು ಶುರುಮಾಡಿದ್ದಳು. ಬಸವರಾಜೇಶ್ವರಿ ಕೈಯೆತ್ತಿ ತಡೆದಳು.

“ಅದು ಬ್ಯಾಡಮ್ಮ. ನಾ ಕೇಳಿದ್ದಕ್ಕಷ್ಟೇ ಹೇಳ್ರಿ.”

ದುರುಗಕ್ಕ ಬಾಯಿ ಮುಚ್ಚಿದಳು. ಓದಿದವರು ಬೇಡ ಅಂದ ಮೇಲೆ ಬೇಡ.

ವಿಚಾರಣೆ ಅನಂತಪುರದ ಸೆಷನ್ಸ್ ಕೋರ್ಟಿನಲ್ಲಿ. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರನ್ನು, ಎತ್ತರದಿಂದ ಕಲ್ಲಿನ ಮೇಲೆ ಬಿದ್ದರೂ ಇಂಥ ಗಾಯ ಆಗಬಹುದೇ ಎಂದು ಬಸವರಾಜೇಶ್ವರಿ ಕೇಳಿದಳು. ಡಾಕ್ಟರು ಸಾಧ್ಯ ಅಂದರು. ಕ್ರಿಮಿನಲ್ ವಕೀಲರ ಮನೆಯಲ್ಲಿ ಒಲೆ ಉರಿಯುವುದು ಈ ಒಂದು ಪದದಿಂದ.

ಉಳಿದದ್ದು ವಿ.ಆರ್.ಒ. ಸಾಕ್ಷಿ. ಅವರು ಕರಾವಳಿ ಆಂಧ್ರದ ಕೃಷ್ಣಾ ಸೀಮೆಯಿಂದ ಬಂದ, ಒಳ್ಳೆಯ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಆರೋಪಿ ತನ್ನ ಮುಂದೆ ಸ್ಪಷ್ಟವಾದ ತೆಲುಗಿನಲ್ಲಿ ತಪ್ಪೊಪ್ಪಿಕೊಂಡಳು ಎಂದು ಅವರು ಹೇಳಿದರು. ದುರುಗಕ್ಕನಿಗೆ ತೆಲುಗು ಬರುವುದೇ ಇಲ್ಲ ಎಂದು ಬಸವರಾಜೇಶ್ವರಿ ಹೇಳುವಂತಿರಲಿಲ್ಲ. ಕುರಿಸಂತೆಯಲ್ಲಿ ವ್ಯಾಪಾರ ಮಾಡುವಷ್ಟು, ಬೈಯುವಷ್ಟು ಅವಳಿಗೆ ಬರುತ್ತಿತ್ತು. ಆದ್ದರಿಂದ ವಿ.ಆರ್.ಒ.ಗೆ ಕನ್ನಡ ಬರುತ್ತದೆಯೇ ಎಂದಷ್ಟೇ ಕೇಳಿದಳು. ಮಾತಾಡಲು ಬಾರದು, ಕೇಳಿದರೆ ಎಲ್ಲಾ ಅರ್ಥವಾಗುತ್ತದೆ ಎಂದು ಅವರು ಹೆಮ್ಮೆಯಿಂದ ಹೇಳಿದರು. ಬಸವರಾಜೇಶ್ವರಿ ಕನ್ನಡಕ್ಕೆ ಹೊರಳಿದಳು.

“ಆಯಮ್ಮ ಅವತ್ತು ನಿಮ್ಮ ಮುಂದ ಅಳ್ತಿದ್ಲೋ, ನಗ್ತಿದ್ಲೋ?”

“ಅವುನಂಡಿ,” ಅಂದರು ವಿ.ಆರ್.ಒ.

ಜಡ್ಜ್ ಕರ್ನೂಲಿನ ಕಡೆಯವರು, ಕನ್ನಡ ಬಾರದು. ಅವರು ತಲೆಯೆತ್ತಿ ತಮ್ಮ ಬೆಂಚ್ ಕ್ಲರ್ಕ್ ಚಿಕ್ಕತಿಮ್ಮಯ್ಯನನ್ನು ನೋಡಿದರು. ಚಿಕ್ಕತಿಮ್ಮಯ್ಯ ಮಡಕಶಿರದ ಆಚೆ ಅಗಳಿಯವನು, ಮನೆಮಾತು ಕನ್ನಡ. ಅವನು ಪ್ರಶ್ನೆಯನ್ನು ತೆಲುಗಿಗೆ ತಿರುಗಿಸಿ ಹೇಳಿದ. ಅಳುತ್ತಿದ್ದಳೋ ನಗುತ್ತಿದ್ದಳೋ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ದಾಖಲಾಯಿತು. ಸರ್ಕಾರಿ ವಕೀಲರು ಏಳುವುದೋ ಬೇಡವೋ ಎಂದು ಯೋಚಿಸಿ ಕೂತೇ ಇದ್ದರು.

ಕನ್ನಡ ತಿಳಿಯದವರು ಬರೆದುಕೊಂಡ ತಪ್ಪೊಪ್ಪಿಗೆಗೆ ಬೆಲೆ ಉಳಿಯಲಿಲ್ಲ; ಕೇಸು ಅಲ್ಲಿಗೆ ಗೆದ್ದಂತೆಯೇ ಆಗಿತ್ತು. ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜ್ ಆರೋಪಿಯನ್ನೇ ನೇರವಾಗಿ ಕೇಳುವ ಒಂದು ಕ್ರಮವಿದೆ. ಸುಳ್ಳು, ನನಗೆ ಗೊತ್ತಿಲ್ಲ ಎಂದು ಆರೋಪಿ ಹೇಳುವುದು ವಾಡಿಕೆ. ನಿಮ್ಮ ಭಾಷೆಯಲ್ಲೇ ಮಾತಾಡಿ, ಕ್ಲರ್ಕ್ ತಿಳಿಸುತ್ತಾನೆ ಎಂದು ಬಸವರಾಜೇಶ್ವರಿ ದುರುಗಕ್ಕನಿಗೆ ಮೊದಲೇ ಹೇಳಿದ್ದಳು. ದುರುಗಕ್ಕ ತಲೆಯಾಡಿಸಿದ್ದಳು. ಆದರೆ ಅಷ್ಟು ದೊಡ್ಡವರು ತೆಲುಗಿನಲ್ಲಿ ಕೇಳುವಾಗ ಕನ್ನಡದಲ್ಲಿ ಉತ್ತರಿಸುವುದು ಅವಳಿಗೆ ಅಮರ್ಯಾದೆ ಅನ್ನಿಸಿತು. ನೀನೇ ಕೊಂದೆ ಎಂದು ಸಾಕ್ಷಿ ಹೇಳುತ್ತಾರೆ, ಏನು ಹೇಳುತ್ತೀ ಎಂದು ಜಡ್ಜ್ ಕೇಳಿದ್ದೇ ತಡ, ಅವಳು ಕೈಮುಗಿದಳು.

“ನಾ ಕೊಡುಕುನು ನೇನೇ ಸಂಪುಕುಂಟಿ ಸಾಮೀ.”

ನನ್ನ ಮಗನನ್ನು ನಾನೇ ಕೊಂದುಕೊಂಡೆ. ಇದಕ್ಕೆ ಕ್ಲರ್ಕ್ ಬೇಕಾಗಲಿಲ್ಲ. ಸರ್ಕಾರಿ ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಬಸವರಾಜೇಶ್ವರಿ ಫೈಲಿನ ದಾರ ಕಟ್ಟತೊಡಗಿದಳು. ಇಷ್ಟು ದಿನ ತನ್ನ ಆಫೀಸಿನ ನೆಲದ ಮೇಲೆ ಕೂತು ಹೋದವಳು ನಿಜಕ್ಕೂ ಮಗನನ್ನು ಕೊಂದವಳೇ ಎಂಬ ಯೋಚನೆ ಮೊದಲ ಸಲ ಬಂತು. ಎದ್ದು ಏನಾದರೂ ಹೇಳಬೇಕಿತ್ತು.

ಜಡ್ಜ್ ಮಾತ್ರ ಹೇಗೆ ಕೊಂದೆ ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರದ ಪ್ರಶ್ನೆ ಅದು. ದುರುಗಕ್ಕ ತೆಲುಗಿನಲ್ಲೇ ಹೊರಟಳು, ಆದರೆ ಅವಳ ಸಂತೆಯ ತೆಲುಗು ಅರ್ಧ ದಾರಿಗೇ ಮುಗಿದುಹೋಯಿತು. ಉಳಿದದ್ದು ಕನ್ನಡದಲ್ಲಿ ಬಂತು.

“ಕುರಿ ಕಾಯೋನಿಗೆ ಯಾರು ಹೆಣ್ಣು ಕೊಡ್ತಾರ ಅಂತ ನಾನೇ ಜೀನ್ಸಿಗೆ ಕಳಿಸಿದ್ನಿರಿ. ಹೊಲಿದು ಹೊಲಿದು ಕಣ್ಣು ಮಂಜಾಗಿದ್ವು ಅವಂಗ. ಅವತ್ತು ಮಲಗತೀನಿ ಅಂದ. ತೋಳ ಬರತೈತಿ, ದೊಡ್ಡಿ ಗ್ವಾಡಿ ಮ್ಯಾಲೆ ಮುಳ್ಳು ಏರಿಸು ಅಂತ ನಾನೇ ಬೈದೆ. ಕತ್ತಲಾಗೈತಿ, ಕಾಣವಲ್ದು ಅಂದ. ಏರೋ ಸುಮ್ನ ಅಂದೆ. ಏರಿದ.”

ಅಲ್ಲಿಗೆ ನಿಲ್ಲಿಸಿದಳು. ಚಿಕ್ಕತಿಮ್ಮಯ್ಯ ತೆಲುಗಿಗೆ ಹೇಳುತ್ತ ಹೋದ.

ಹೊರಗೆ ಬೇವಿನ ಮರದ ಕೆಳಗೆ ಬಸವರಾಜೇಶ್ವರಿ ದುರುಗಕ್ಕನ ಪಕ್ಕದಲ್ಲಿ ನಿಂತಳು. ಇದನ್ನು ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದಳು. ದುರುಗಕ್ಕನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

“ಹೇಳಾಕ ಬಂದ್ನಲ್ರಿ. ನೀವು ಬ್ಯಾಡ ಅಂದ್ರಿ.”

ಬಸವರಾಜೇಶ್ವರಿ ಹೌದು ಅಂದಳು. ಕದಿರಪ್ಪನವರ ಮಾತಿನಲ್ಲಿ ತೂತಿತ್ತೇ ಎಂದು ಅವರನ್ನೇ ಕೇಳೋಣವೆಂದರೆ ಅವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು.

ತೀರ್ಪಿನ ದಿನ ದುರುಗಕ್ಕ ಬಿಡುಗಡೆಯಾದಳು. ತೀರ್ಪು ಇಂಗ್ಲಿಷಿನಲ್ಲಿತ್ತು. ಸರ್ಕಾರಿ ವಕೀಲರು ಆರೋಪ ಸಾಬೀತು ಮಾಡಿಲ್ಲ, ಜಡ್ಜ್ ಸಂಶಯದ ಲಾಭ ಕೊಟ್ಟು ಬಿಟ್ಟಿದ್ದಾರೆ ಎಂದು ಬಸವರಾಜೇಶ್ವರಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಬಿಡಿಸಿ ಹೇಳಿದಳು. ದುರುಗಕ್ಕ ಕೊನೆಯವರೆಗೂ ಕೇಳಿಸಿಕೊಂಡಳು.

“ಸಂಶಯ ಯಾರಿಗೈತ್ರಿ ಲಾಯರಮ್ಮ? ನನಗಂತೂ ಇಲ್ಲ.”

ಇದಕ್ಕೆ ಮೇಲ್ಮನವಿ ಹಾಕುವ ಕೋರ್ಟು ಯಾವುದೂ ಇರಲಿಲ್ಲ. ಬಸವರಾಜೇಶ್ವರಿ ಎರಡು ಟೀ ತಂದಳು. ಇಬ್ಬರೂ ನಿಂತೇ ಕುಡಿದು, ಕಲ್ಯಾಣದುರ್ಗದ ಮೇಲೆ ಹೋಗುವ ಬಸ್ಸು ಹತ್ತಿದರು. ಸೀಟು ಒಂದೇ ಸಿಕ್ಕಿತು. ದುರುಗಕ್ಕ ಕಾಲಡಿಯಲ್ಲಿ ಕೂರಲು ಹೋದಳು. ಬಸವರಾಜೇಶ್ವರಿ ಅವಳ ರಟ್ಟೆ ಹಿಡಿದು ಸೀಟಿನಲ್ಲಿ ಕೂರಿಸಿ, ಕಂಬಿ ಹಿಡಿದು ಪಕ್ಕದಲ್ಲಿ ನಿಂತಳು. ಊರು ದಾಟಿದ ಮೇಲೆ, ಮಗನಿಗೆ ಹೆಣ್ಣು ಎಲ್ಲಿ ನೋಡಿದ್ದಿರಿ ಎಂದು ಕೇಳಿದಳು. ದುರುಗಕ್ಕ ಮೊದಲು ಹೆಣ್ಣಿನ ಊರು ಹೇಳಿದಳು. ಆಮೇಲೆ ಹೆಣ್ಣಿನ ತಾಯಿಯ ಗುಣ, ಆಮೇಲೆ ಅಂಜಿನಿ ಒಪ್ಪದೆ ಮುಖ ಊದಿಸಿಕೊಂಡದ್ದು. ಬಸ್ಸು ಅಲ್ಲಲ್ಲಿ ನಿಲ್ಲುತ್ತ ಹೋಯಿತು. ಜನ ಇಳಿದು ಸೀಟುಗಳು ಖಾಲಿಯಾದವು. ಬಸವರಾಜೇಶ್ವರಿ ನಿಂತೇ ಕೇಳುತ್ತಿದ್ದಳು.