ಮೆಣಸಿನಕಾಯಿ ಪಿನ್ನಿನ ಖಾದರ್ ಕಾಕಾ

ಖಾದರ್ ಕಾಕಾ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಅವರ ಕರಿ ಜಾಕೀಟಿನ ತುಂಬ ದೇಶದೇಶದ ಪಿನ್ನುಗಳು. ನಡೆದರೆ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಆ ಸಪ್ಪಳ ಕೇಳಿತೆಂದರೆ ನಾನು ಸುತ್ತಿಗೆ ಕೆಳಗಿಟ್ಟು, ಎದುರಿನ ಹೋಟೆಲಿಗೆ ಎರಡು ಬೆರಳು ತೋರಿಸಿ ಚಹಾ ಹೇಳುತ್ತಿದ್ದೆ.

ಅವರು ರಾಣೆಬೆನ್ನೂರಿನವರು. ಗರಡಿಮನೆಯಲ್ಲಿ ಪೈಲ್ವಾನರಿಗೆ ಮಾಲೀಸು ಮಾಡುವುದು ಅವರ ಕೆಲಸ. ಉಳುಕಿದ ಭುಜವನ್ನು ಅವರು ಹಿಡಿದರೆ ಪೈಲ್ವಾನ ಒಮ್ಮೆ ಚೀರಿ, ಆಮೇಲೆ ನಗುತ್ತ ಏಳುತ್ತಿದ್ದ. ಆ ಕೈಗುಣ ನೋಡಿ ಕುಸ್ತಿ ತಂಡದವರು ಅವರನ್ನು ಮೊದಲು ದಿಲ್ಲಿಗೆ, ಆಮೇಲೆ ಹೊರದೇಶಗಳಿಗೂ ಕರೆದುಕೊಂಡು ಹೋಗತೊಡಗಿದರು. ಪಿನ್ನಿನ ಹುಚ್ಚು ಹತ್ತಿದ್ದು ಅಲ್ಲಿ. ದೊಡ್ಡ ಕ್ರೀಡಾಕೂಟಗಳಿಗೆ ಬರುವವರು ತಮ್ಮ ದೇಶದ ಗುರುತಿನ ಸಣ್ಣ ಪಿನ್ನುಗಳನ್ನು ತಂದಿರುತ್ತಾರಂತೆ. ಆಟಗಾರರು, ಅಡುಗೆಯವರು, ಬಾಗಿಲು ಕಾಯುವವರು ಎಲ್ಲರೂ ಅವನ್ನು ಬದಲಿ ಮಾಡಿಕೊಳ್ಳುತ್ತಾರೆ. ಒಂದಕ್ಕೆ ಒಂದು. ದುಡ್ಡಿನ ಮಾತೇ ಇಲ್ಲ.

ಈ ವಿಷಯದಲ್ಲಿ ಕಾಕಾ ಬಹಳ ಕಟ್ಟುನಿಟ್ಟು. ಒಮ್ಮೆ ಹಾವೇರಿ ಬಸ್ಸಿನಲ್ಲಿ ನಾವಿಬ್ಬರೂ ಕೂತಿದ್ದಾಗ ಒಬ್ಬ ಹುರುಪಿನ ಮನುಷ್ಯ ಬೆನ್ನು ಹತ್ತಿದ. "ಆ ಕರಡಿ ಪಿನ್ನು ಎಷ್ಟಕ್ಕ ಕೊಡ್ತೀರಿ ಅಜ್ಜಾರ?"

"ಮಾರೂದಲ್ಲೋ ಇದು. ಬದಲಿಗೆ ಏನು ಕೊಡ್ತಿ ಹೇಳು."

"ನನ್ನ ಹಂತ್ಯಾಕ ಏನೈತ್ರಿ?"

"ಆ ಅಂಗಿ ಗುಂಡಿ ಐತಲ್ಲ, ಕಿತ್ತು ಕೊಡು."

ಅವನು ಖರೇನೇ ಕಿತ್ತು ಕೊಟ್ಟ. ಕಾಕಾ ಕರಡಿಯನ್ನು ಅವನ ಅಂಗಿಗೆ ಚುಚ್ಚಿ, ಗುಂಡಿಯನ್ನು ಜಾಕೀಟಿನ ಕಿಸೆಗೆ ಹಾಕಿಕೊಂಡರು. ಹಾವೇರಿ ಬರುವ ತನಕ ಆ ಮನುಷ್ಯ ಒಂದು ಕೈಯಿಂದ ಎದೆ ಮುಚ್ಚಿಕೊಂಡೇ ಕೂತಿದ್ದ. ಇಳಿದ ಮೇಲೆ ಕಾಕಾ ನನಗೆ ಹೇಳಿದರು: "ತನ್ನ ಎದಿಮ್ಯಾಲಿಂದ ತಗದು ಕೊಟ್ಟಾಂವಗ ಇಲ್ಲ ಅನಬಾರದು ಈರಣ್ಣಾ. ಇದಕ್ಕಿರೂದು ಇದೊಂದ ಕಾಯ್ದೆ."

ನಾನು ಹಿತ್ತಾಳೆ ಕೆಲಸದವನು. ಆರನೇ ಇಯತ್ತೆಗೆ ಸಾಲಿ ಬಿಟ್ಟು ಈ ಕಟ್ಟೆಯ ಮೇಲೆ ಕೂತವನು ಇನ್ನೂ ಎದ್ದಿಲ್ಲ. ಮೆಣಸಿನಕಾಯಿ ಪೇಟೆಯ ಹಮಾಲರ ಬಿಲ್ಲೆ, ಮನೆ ಬಾಗಿಲ ಹೆಸರಿನ ಹಲಗೆ, ಹಂಡೆ ಮೇಲಿನ ಅಕ್ಷರ, ಎಲ್ಲ ನನ್ನ ಕೈಯಿಂದ ಹೋಗಿವೆ. ನಾನು ಕೊರೆದ ಅಕ್ಷರ ಅಳಿಸಿತು ಎಂದು ಇವತ್ತಿನವರೆಗೆ ಯಾರೂ ಮರಳಿ ಬಂದಿಲ್ಲ. ಕಾಕಾ ಮೊದಲ ಸಲ ಬಂದದ್ದು ಮುರಿದ ಪಿನ್ನಿಗೆ ಬೆಸುಗೆ ಹಾಕಿಸಲು. ಕೆಲಸ ನೋಡಿ, ಅಲ್ಲೇ ಕೂತುಬಿಟ್ಟರು.

"ಎಲ್ಲಾರೂ ಹುಲಿ, ಹದ್ದು, ಕುದರಿ ತಂದಿರ್ತಾರ. ನಾ ಖಾಲಿ ಕೈಲೆ ಹೋಗಿ ಯಾರ್ಯಾರ್ನೋ ಬೇಡ್ತೇನಿ. ನಮ್ಮ ಸೀಮೀದು ಅಂತ ಒಂದು ಮಾಡಿ ಕೊಡಪಾ."

ನಮ್ಮ ಸೀಮೆಯದು ಎಂದರೆ ಇನ್ನೇನು? ಹಿತ್ತಾಳೆ ತಗಡಿನಲ್ಲಿ ಬೆರಳ ತುದಿಯಷ್ಟು ಮೆಣಸಿನಕಾಯಿ ಕತ್ತರಿಸಿದೆ. ನುಣ್ಣಗೆ ಮಾಡಿದರೆ ಅದು ಬ್ಯಾಡಗಿಯದಲ್ಲ. ಸಣ್ಣ ಉಳಿಯಿಂದ ಮೈತುಂಬ ಸುಕ್ಕು ಹೊಡೆದು ಕೆಂಪು ಬಣ್ಣ ಹಚ್ಚಿದೆ. ಹಿಂದಿನ ಸೂಜಿಗೆ ಏನು ಹಾಕಬೇಕೆಂದು ಗೊತ್ತಿರಲಿಲ್ಲ. ಚೀಲ ಹೊಲಿಯುವ ದಬ್ಬಣ ಕೈಗೆ ಸಿಕ್ಕಿತು, ಅದರ ಮೊನೆಯನ್ನೇ ಕತ್ತರಿಸಿ ಬೆಸೆದೆ. ಕಾಕಾ ಹಾಕಿಕೊಂಡರೆ ಜಾಕೀಟು ಚರ್ ಎಂದು ಹರಿಯಿತು.

"ಪಿನ್ನು ಮಾಡಂದ್ರ ಭರ್ಜಿ ಮಾಡಿಯಲ್ಲೋ!" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಮುಂದೆ ತೆಳ್ಳನೆಯ ಸೂಜಿ ಹಾಕಿ ಬೇಕಾದಷ್ಟು ಮಾಡಿಕೊಟ್ಟೆ. ಆದರೆ ಆ ಮೊದಲಿನದರ ಬೆನ್ನಿಗೆ ನಾನು ಸಣ್ಣದಾಗಿ 'ಈ' ಎಂದು ಕೊರೆದಿದ್ದೆ. ಊರವರ ಹೆಸರೆಲ್ಲ ಕೊರೆದ ನಾನು ನನ್ನ ಅಕ್ಷರ ಕೊರೆದದ್ದು ಅದೊಂದರ ಮೇಲೆ. "ಇದನ್ನ ಮಾತ್ರ ಯಾರಿಗೂ ಕೊಡಬ್ಯಾಡ್ರಿ ಕಾಕಾ" ಎಂದಿದ್ದೆ. "ಅಲ್ಲಾನ ಆಣಿ, ಇಲ್ಲ" ಎಂದಿದ್ದರು.

ಕೊಟ್ಟುಬಿಟ್ಟರು. ಒಂದು ಸಲ ಹೊರದೇಶದಿಂದ ಬಂದವರ ಎದೆಯ ಮೇಲೆ ನನ್ನ ಮೆಣಸಿನಕಾಯಿ ಇರಲಿಲ್ಲ. ಕೇಳಿದೆ. ಅಪರಾಧ ಮಾಡಿದವರ ಹಾಗೆ ಹೇಳಿದರು: "ಇರಾನಿನ ಮಾಲೀಸಿನಾಂವ, ನನ್ನ ವಾರಗೀ ಮುದುಕ. ಅವನ ಮಾತು ನನಗ ತಿಳಿಯೂದಿಲ್ಲ, ನನ್ನ ಮಾತು ಅವಗ. 'ದೋಸ್ತ್' ಅಂದ್ರ ಇಬ್ಬರಿಗೂ ತಿಳೀತದ, ನೆನಪಿನ ಗುರುತಿಗೆ 'ಯಾದ್ಗಾರ್' ಅಂದ್ರ ತಿಳೀತದ. ನನ್ನ ಹಂತ್ಯಾಕ ಬ್ಯಾರೆ ಉಳಿದಿರಲಿಲ್ಲ. ಅಂವ ತನ್ನ ಎದಿಮ್ಯಾಲಿಂದ ತಗದು ಮುಂದ ಹಿಡದ. ಹ್ಯಾಂಗ ಇಲ್ಲ ಅನ್ಲೋ?"

"ನನಗ ಕೊಟ್ಟ ಮಾತಿಗೆ ಹ್ಯಾಂಗ ಇಲ್ಲ ಅಂದ್ರಿ?" ಎಂದೆ.

ಅವತ್ತಿನಿಂದ ಪಿನ್ನು ಮಾಡುವುದು ಬಿಟ್ಟೆ. ಆಮೇಲೆ ಎರಡು ಮೂರು ಸಲ ಕಿಣಿಕಿಣಿ ಬಂತು. ನಾನು ಚಹಾ ಹೇಳಲಿಲ್ಲ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ಸಪ್ಪಳ ನಿಂತಿತು. ಎರಡು ವರ್ಷ ನಾನೂ ರಾಣೆಬೆನ್ನೂರಿನ ಬಸ್ಸು ಹತ್ತಲಿಲ್ಲ. ಕೆಲಸ ಬಲ್ಲವನೆಂಬ ಸೊಕ್ಕು ನನಗೆ. ಅದೇ ನನಗೆ ಅನ್ನ ಹಾಕಿ ಸಾಕಿದೆ, ಅದೇ ನನ್ನನ್ನು ಸುಟ್ಟಿದೆ.

ಮೆಣಸಿನಕಾಯಿಯ ಹಂಗಾಮು. ಒಂದು ಮಧ್ಯಾಹ್ನ ಹಮಾಲರ ಬಿಲ್ಲೆ ಕೊರೆಯುತ್ತ ಕೂತಿದ್ದೆ. ಯಾವ ಸಪ್ಪಳವೂ ಕೇಳಲಿಲ್ಲ, ತಗಡಿನ ಮೇಲೆ ನೆರಳು ಬಿತ್ತು. ತಲೆ ಎತ್ತಿದರೆ ಕಾಕಾ. ಅದೇ ಕರಿ ಜಾಕೀಟು, ಮೇಲೆ ಒಂದು ಪಿನ್ನೂ ಇಲ್ಲ. ಬರೀ ತೂತು. ಬಲಗೈ ಕಿಸೆಯಲ್ಲಿತ್ತು.

"ಈರಣ್ಣಾ, ಒಂದೀಟು ಕೈ ಬಿಡುವು ಮಾಡ್ಕೋ. ನಿನಗೊಂದು ತೋರಸೂದೈತಿ."

ನಾನು ಆ ತೂತುಗಳನ್ನೇ ನೋಡುತ್ತ ಅಂದೆ: "ಎಲ್ಲಾ ಮಾರಿಕೊಂಡ್ರೇನ್ರಿ?"

ಅವರಿಗೆ ಇದಕ್ಕಿಂತ ಕೆಟ್ಟ ಮಾತು ಬೇರೆ ಇರಲಿಲ್ಲ. ಗೊತ್ತಿದ್ದೇ ಆಡಿದೆ. ಬೈಯಲಿ, ಜಗಳ ಮಾಡಲಿ, ಆಮೇಲೆ ಚಹಾ ಹೇಳಿದರಾಯಿತು ಎಂದು ಒಳಗೊಳಗೆ ಇತ್ತೋ ಏನೋ. ಕಾಕಾ ಬೈಯಲಿಲ್ಲ. "ಇಲ್ಲೋ ತಮ್ಮಾ" ಎಂದರು. ನನ್ನ ಕೈಯ ಬಿಲ್ಲೆ ನೋಡಿದರು. "ಕೆಲಸದಾಗದಿ. ಮತ್ತ ಬರ್ತೇನಿ."

"ನಾಳೆ ಬರ್ರಿ" ಎಂದೆ, ತಲೆ ಎತ್ತದೆ. ಕಿಸೆಯ ಕೈ ಕಿಸೆಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಕಾಕಾ ಗರಡಿಮನೆಯಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು.

ತಿಂಗಳಾದ ಮೇಲೆ ಅವರ ಮಗಳು ಜೈನಬಿ ಬಂದಳು. ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಚೀಲದಿಂದ ಜಾಕೀಟು ತೆಗೆದಳು. ಅದರ ಕಿಸೆಯಿಂದ ಒಂದು ಮೆಣಸಿನಕಾಯಿ ತೆಗೆದು ನನ್ನ ಕಟ್ಟೆಯ ಮೇಲಿಟ್ಟಳು. ಬಣ್ಣ ಅಲ್ಲಲ್ಲಿ ಹೋಗಿತ್ತು. ತಿರುಗಿಸಿದೆ. ದಬ್ಬಣದ ಮೊನೆ. 'ಈ'.

"ಹ್ವಾದ ಸಲ ಅಬ್ಬಾ ಇದಕ್ಕಂತನ ಹೊರದೇಶಕ್ಕ ಹೋಗಿದ್ರು ಅಣ್ಣಾರ. ಅದ ಇರಾನಿ ಮುದುಕ ಬಂದಿದ್ದನಂತ. ಇದು ನಂದು ಯಾದ್ಗಾರ್, ಕೊಡೂದಿಲ್ಲ ಅಂದನಂತ. ಅಬ್ಬಾ ಅವನ ಮುಂದ ಕುಂತು ಎದಿಮ್ಯಾಲಿಂದು ಒಂದೊಂದ ತಗದು ಇಡಕೋತ ಹ್ವಾದ್ರಂತ. ಎಲ್ಲಾ ತಗದು ಜಾಕೀಟು ಖಾಲಿ ಆದ ಮ್ಯಾಲ, ಅಂವಾ ಅಳಕೋತ ಬಿಚ್ಚಿ ಕೊಟ್ಟನಂತ."

"ಅವತ್ತ ಬಂದಾಗ ಯಾಕ ಹೇಳಲಿಲ್ಲವ್ವಾ?" ಎಂದೆ.

"ನಾನೂ ಕೇಳಿದ್ನಿರಿ. 'ಈರಣ್ಣ ಕೆಲಸದಾಗಿದ್ದ, ನಾಳೆ ಬಾ ಅಂದಾನ' ಅಂದ್ರು. ಖುಷಿಲೇನ ಇದ್ರು. ಎರಡು ವರ್ಷಾದ ಮ್ಯಾಲ ಬಾ ಅಂದಾನ ಅಂತ."

ಅವಳು ಹೋದ ಮೇಲೆ ಜಾಕೀಟನ್ನು ತೊಡೆಯ ಮೇಲೆ ಹರವಿಕೊಂಡೆ. ಅಷ್ಟು ತೂತುಗಳಲ್ಲಿ ನನ್ನ ಮೆಣಸಿನಕಾಯಿಯ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಎಡಗಡೆ, ಎದೆಯ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಹರಿದಿತ್ತು. ಎರಡು ವರ್ಷ ಅದನ್ನು ಹೊಲಿಸಿರಲಿಲ್ಲ, ಬೇರೆ ಪಿನ್ನೂ ಚುಚ್ಚಿರಲಿಲ್ಲ.

ಈಗ ಆ ಜಾಕೀಟು, ಹರಿದ ಅದೇ ಜಾಗದಲ್ಲಿ ಮೆಣಸಿನಕಾಯಿ ಚುಚ್ಚಿಕೊಂಡು, ನನ್ನ ಕಟ್ಟೆಯ ಹಿಂದಿನ ಮೊಳೆಗೆ ತೂಗುತ್ತದೆ. ಗಾಳಿ ಬಂದರೂ ಸಪ್ಪಳವಿಲ್ಲ. ಬಂದ ಗಿರಾಕಿಗಳು ಮೆಣಸಿನಕಾಯಿ ನೋಡಿ ಕೇಳುತ್ತಾರೆ, "ಚಂದೈತಿ, ಮಾರ್ತೀರೇನ್ರಿ?" ಮಾರುವುದಲ್ಲ ಎನ್ನುತ್ತೇನೆ. "ಮತ್ತ, ಬದಲಿಗೆ ಏನು ಕೊಟ್ರ ಕೊಡ್ತೀರಿ?" ಎಂದು ಒಬ್ಬ ನಗುತ್ತ ಕೇಳಿದ. ನಾನು ಬಿಲ್ಲೆ ಕೊರೆಯತೊಡಗಿದೆ. ನನಗೆ ಬೇಕಾದದ್ದು ಆ ಒಂದು ಮಧ್ಯಾಹ್ನ. ಅದು ಯಾರ ಎದೆಯ ಮೇಲೂ ಇಲ್ಲ.