ರಕ್ತ ಹೇಳದೆ ಉಳಿದದ್ದು

ರಕ್ತಪರೀಕ್ಷೆಯ ವರದಿಯಲ್ಲಿ ಎಲ್ಲವೂ ಸಹಜ ಎಂದಿದ್ದರೆ, ಕೈಗೆ ತಾಕುವ ಗಂಟನ್ನೂ ನೀವು ಇಲ್ಲವೆಂದುಕೊಳ್ಳುತ್ತೀರಾ?

ಗೌನಿಪಲ್ಲಿಯ ನನ್ನ ಸೋದರತ್ತೆ ಹಾಗೆಯೇ ಅಂದುಕೊಂಡರು. ಅವರು ರೇಷ್ಮೆಹುಳು ಸಾಕುವವರು. ಹುಳುಗಳಿಗೆ ಸೋಂಕು ತಗಲೀತೆಂದು ಹೊಸ್ತಿಲಲ್ಲಿ ಸುಣ್ಣದ ಪುಡಿ ತುಳಿದು, ಬರಿಗಾಲಲ್ಲಿ ಹುಳುಮನೆ ಹೊಗುವುದು ಅಲ್ಲಿನ ಕ್ರಮ. ಅಂಗಾಲಿನಲ್ಲಿ ಕಪ್ಪು ಮಚ್ಚೆ ಹರಡತೊಡಗಿದಾಗ, ಸುಣ್ಣಕ್ಕೆ ಚರ್ಮ ಗಟ್ಟಿಯಾಗಿ ಆಣಿಯೆದ್ದಿದೆ ಎಂದು ಬ್ಲೇಡಿನಿಂದ ಕೆರೆಯುತ್ತಾ ಬಂದರು. ರಕ್ತ ಒಸರಿದ ಮೇಲಷ್ಟೇ ಕೋಲಾರದ ಆಸ್ಪತ್ರೆಗೆ ಬಂದದ್ದು. ಕತ್ತರಿಸಿ ತೆಗೆದು ಪರೀಕ್ಷಿಸಿದಾಗ ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು.

ಅದು ಬೇರೆಡೆಗೆ ಹರಡಿದೆಯೇ ಎಂಬುದು ಮುಂದಿನ ಪ್ರಶ್ನೆ. ವೈದ್ಯೆ ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವದ ಮಟ್ಟ ನೋಡಿಸಲು ಹೇಳಿದರು. ತೊಡೆಸಂದಿಯಲ್ಲಿ ತಮ್ಮ ಕೈಗೆ ಸಿಕ್ಕ ಸಣ್ಣ ಗಂಟಿಗೂ ಸೂಜಿ ಹಾಕಿ ಪರೀಕ್ಷಿಸಬೇಕೆಂದರು. ರಕ್ತದ ವರದಿ ಮೊದಲು ಬಂತು, ಸಹಜವಾಗಿತ್ತು. ಮೈಯೆಲ್ಲ ಸುತ್ತುವ ರಕ್ತಕ್ಕೆ ತಿಳಿಯದ ಕಾಯಿಲೆಯುಂಟೇ ಎಂದು ಅತ್ತೆ ಅಂದೇ ಊರಿಗೆ ಹೊರಟುಬಿಟ್ಟರು.

ನಾನೂ ಹಿಂದೆಯೇ ಹೋದೆ. ಈ ಪರೀಕ್ಷೆ ಏರಿದರೆ ಎಚ್ಚರಿಸುತ್ತದೆ, ಏರದಿದ್ದರೆ ಅಭಯ ಕೊಡುವುದಿಲ್ಲ, ತೊಡೆಸಂದಿಯ ಗ್ರಂಥಿಯಲ್ಲಿ ರೋಗ ಕೂತಿದ್ದರೂ ಸಹಜವಾಗಿಯೇ ಇರಬಹುದು ಎಂದು ವೈದ್ಯೆ ಹೇಳಿದ್ದನ್ನು ವಿವರಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಪಟ್ಟುಗಳೆಲ್ಲ ಮುಗಿದವು.

“ಮೈಕ್ ಇಲ್ದೇನೂ ಚೆನ್ನಾಗೇ ಮಾತಾಡ್ತೀಯ ಕಣೇ,” ಎಂದರು ಅತ್ತೆ. “ಹುಳ ನಾಲ್ಕನೇ ಜ್ವರ ಎದ್ದವೆ. ಸೊಪ್ಪು ನೀನ್ ಹಾಕ್ತೀಯಾ? ಇಂಕ ಚಾಲು.”

ಸಾಕೆನ್ನುವಾಗ ಅವರಿಗೆ ಬರುವುದು ತೆಲುಗೇ. ನಾಲ್ಕನೆಯ ಸಲ ಪೊರೆ ಕಳಚಿದ ಹುಳುಗಳು ಬಿಡುವಿಲ್ಲದೆ ಮೇಯುತ್ತವೆ; ನಾನೂ ಸೊಪ್ಪು ಹಾಕಲು ನಿಂತೆ. ಮೊದಲ ತಟ್ಟೆಯ ಹುಳುಗಳೆಲ್ಲ ಚೆನ್ನಾಗಿದ್ದವು. ಆದರೂ ಅತ್ತೆ ಪ್ರತಿ ತಟ್ಟೆಗೂ ಬಗ್ಗಿ ಕಾಯಿಲೆಯ ಹುಳು ಹುಡುಕುತ್ತಿದ್ದರು. ಒಂದು ತಟ್ಟೆ ಚೆನ್ನಾಗಿದ್ದರೆ ಸಾಲದೇ ಎಂದು ಕೇಳಿದೆ. ಅದು ವಾದವಾಗಿರಲಿಲ್ಲ, ವಾದಿಸುವ ಚೈತನ್ಯ ನನ್ನಲ್ಲಿ ಉಳಿದಿರಲಿಲ್ಲ.

ಮುಂದಿನ ತಟ್ಟೆಗೆ ಬಗ್ಗಿದವರು ನೆಟ್ಟಗಾಗಿ, ತೊಡೆಸಂದಿಯ ಗಂಟನ್ನು ಸೀರೆಯ ಮೇಲಿಂದಲೇ ಮುಟ್ಟಿ ನೋಡಿಕೊಂಡರು. “ಗೂಡು ಬಿಡಿಸಿದ್ಮೇಲೆ ಬರ್ತೀನಿ.”

ಬಂದರು. ಗಂಟಿನಲ್ಲಿ ಕ್ಯಾನ್ಸರ್ ಇತ್ತು. ಈಗ ಚಿಕಿತ್ಸೆಗೆಂದು ಇಬ್ಬರೂ ಬಸ್ಸಿನಲ್ಲಿ ಹೋಗಿ ಬರುತ್ತೇವೆ. ಗೆದ್ದೆನೆಂಬ ಭಾವ ನನಗಿಲ್ಲ, ದಣಿವಿದೆ. ಆಸ್ಪತ್ರೆಯ ಬೆಂಚುಗಳಲ್ಲಿ ಮಾಲೂರು, ಮುಳಬಾಗಿಲು ಕಡೆಯವರೂ ರಕ್ತ ಚೆನ್ನಾಗಿದೆಯಂತೆ ಎಂದು ಸಮಾಧಾನ ಪಟ್ಟುಕೊಳ್ಳುವುದು ಕಿವಿಗೆ ಬೀಳುತ್ತಲೇ ಇರುತ್ತದೆ.

ದಯವಿಟ್ಟು ನಿಮ್ಮ ಮನೆಯವರ ಅಂಗಾಲುಗಳನ್ನು ಒಮ್ಮೆ ನೋಡಿ. ಬೆಳೆಯುತ್ತಿರುವ ಕಪ್ಪು ಮಚ್ಚೆ ಕಂಡರೆ ಕೆರೆಯದೆ ವೈದ್ಯರಿಗೆ ತೋರಿಸಿ. ಅವರು ಹೇಳಿದ ಪರೀಕ್ಷೆಗಳನ್ನು ಅರ್ಧಕ್ಕೆ ಬಿಡಬೇಡಿ.