ಅಯೋಕಾ ಒಪ್ಪಿಸಿದ ಮನೆತನ

ಬೆಂಗಳೂರಿನಿಂದ ಕೌಲಾಲಂಪುರಕ್ಕೆ ವಿಮಾನದಲ್ಲಿ ನಾಲ್ಕು ತಾಸು. ಅಷ್ಟು ಹೊತ್ತಿನಲ್ಲಿ ನಮ್ಮ ಹಾವೇರಿಯ ಬಸ್ಸು ಬೆಳಗಾವಿ ಮುಟ್ಟಿದರೆ ಪುಣ್ಯ! ಶುಕ್ರವಾರ ಮಧ್ಯಾಹ್ನ ಇಳಿದೆ. ಹೊರಗೆ ಕಾಲಿಟ್ಟದ್ದೇ ತಡ, ಸೆಖೆಗೆ ಸೀರೆ ಮೈಗಂಟಿತು. ನನ್ನ ತಮ್ಮ ಶ್ರೀಧರ ನಿಲಾಯ್ ಊರಿನ ಕಾಲೇಜಿನಲ್ಲಿ ಮೇಷ್ಟರು, ಅವನಿಗೆ ಕ್ಲಾಸಿತ್ತು. ನಾನೊಬ್ಬಳೇ ಟ್ಯಾಕ್ಸಿ ಹಿಡಿದೆ. ಅರ್ಧ ತಾಸಿನ ದಾರಿ, ನಲವತ್ತು ರಿಂಗಿಟ್, ಎರಡೂ ಬದಿಗೆ ತಾಳೆಎಣ್ಣೆಯ ತೋಟಗಳು.

ಮರುದಿನ ಬೆಳಿಗ್ಗೆ ಶ್ರೀಧರ ತನ್ನ ಮಗನನ್ನೂ ನನ್ನನ್ನೂ ಮಾಮಕ್ ಅಂಗಡಿಗೆ ಕರೆದೊಯ್ದ. ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿಗೆ ಹಾಗೆನ್ನುತ್ತಾರೆ. ಪರೋಟದಂಥ ರೊಟ್ಟಿ, ದಾಲ್, ನೊರೆ ಬರುವ ಹಾಗೆ ಎತ್ತಿ ಸುರಿದ ಚಹಾ. ನಾನು ಹತ್ತು ಮಾತು ಕನ್ನಡದಲ್ಲಿ ಕೇಳಿದರೆ ಅಳಿಯ ಹತ್ತಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಗದರಿಸಿದರೆ, "ಅತ್ತೆ, ಐ ಅಂಡರ್‌ಸ್ಟ್ಯಾಂಡ್ ಲಾ!" ಎಂದು ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ನಕ್ಕ.

"ಬಿಡ ಅಕ್ಕಾ, ಇಲ್ಲಿ ಎಲ್ಲಾ ಮನ್ಯಾಗೂ ಇದಽ ಹಾಡು," ಎಂದ ಶ್ರೀಧರ. "ಬಾಜೂ ಮನಿ ಫೋಲಾಕೆನ್ನ ಕೇಳು, ಆಕೀ ಸಂಕಟ ನಿನಗ ಗೊತ್ತಾಗ್ತದ."

ಸಂಜೆ ಫೋಲಾಕೆ ತಾನಾಗಿಯೇ ಬಂದಳು, ಕೈಯಲ್ಲಿ ಕರಿದ ಬಾಳೆಹಣ್ಣಿನ ತಟ್ಟೆ. ನೈಜೀರಿಯಾದವಳು, ಯೊರುಬಾ ಅವಳ ತಾಯಿನುಡಿ. ಗಂಡ ಶ್ರೀಧರನ ಕಾಲೇಜಿನಲ್ಲೇ ಮೇಷ್ಟರು, ಆ ವಾರ ಕೆಲಸದ ಮೇಲೆ ಪೆನಾಂಗಿಗೆ ಹೋಗಿದ್ದ. ಹಿಂದೆ ಬಂದ ಮಗಳು ಅಯೋಕಾ, ಎಂಟು ವರ್ಷದವಳು, ನನ್ನೆದುರು ಎರಡೂ ಮೊಣಕಾಲೂರಿ ಕೂತು ವಂದಿಸಿದಳು. ಅವರಲ್ಲಿ ಹೆಣ್ಣುಮಕ್ಕಳು ಹಿರಿಯರನ್ನು ಕಾಣುವ ರೀತಿಯೇ ಅದಂತೆ. ಅಯ್ಯೋ ನನ ಬಂಗಾರ, ಎಂದು ಎತ್ತಿ ತಬ್ಬಿಕೊಂಡೆ.

ಫೋಲಾಕೆ ಇಂಗ್ಲಿಷಿನಲ್ಲಿ ತನ್ನ ಕಷ್ಟ ಹೇಳಿಕೊಂಡಳು. ಅವರಲ್ಲಿ ಒಂದೊಂದು ಮನೆತನಕ್ಕೂ ಒಂದು ಹೊಗಳಿಕೆಯ ಪದವಿದೆ, ಒರಿಕಿ ಅಂತ ಅದರ ಹೆಸರು. ಹಿರಿಯರು ಯಾರು, ಏನು ಕಸುಬು, ಎಂಥ ಛಲದವರು, ಎಲ್ಲ ಅದರಲ್ಲಿರುತ್ತದೆ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ವಂಶ ಹೇಳುವುದಿಲ್ಲವೇ, ಹಾಗೆ. ಆದರೆ ಅಲ್ಲಿ ಮನೆಯ ಮುದುಕಿಯರೇ ಹೆಳವರು. ಅಯೋಕಾಳ ಅಜ್ಜಿ, ಎಂದರೆ ಗಂಡನ ತಾಯಿ, ಪ್ರತಿ ಭಾನುವಾರ ಫೋನಿನಲ್ಲಿ ಆ ಪದ ಹೇಳುತ್ತಿದ್ದಳು. ಹುಡುಗಿ ಪ್ರತಿ ಸಲ, "ಐ ಆಮ್ ಫೈನ್, ಗ್ರ್ಯಾಂಡ್ಮಾ," ಎನ್ನುತ್ತಿದ್ದಳು.

"ಒಂದು ತಿಂಗಳ ಹಿಂದೆ ಅತ್ತೆ ಸಿಟ್ಟಾದರು, ಆಂಟಿ. ನನ್ನ ಮೊಮ್ಮಗಳನ್ನು ಕೊಡು ಅಂದರೆ ಯಾವುದೋ ಪರದೇಶಿ ಹುಡುಗಿಯ ಕೈಗೆ ಫೋನ್ ಕೊಡ್ತೀಯಲ್ಲ ಅಂದರು. ಆಮೇಲೆ ಇವಳ ಹತ್ತಿರ ಮಾತೇ ಆಡಿಲ್ಲ." ಕಣ್ಣೊರೆಸಿಕೊಂಡಳು. "ತಿಂಗಳಿಡೀ ಕಲಿಸಿದ್ದೀನಿ. ನಾಳೆ ಪೂರ್ತಿ ಒಪ್ಪಿಸ್ತಾಳೆ. ನೀವೂ ಬನ್ನಿ, ನನಗೆ ಧೈರ್ಯ."

ಭಾನುವಾರ ನಾಲ್ಕು ಗಂಟೆಗೆ ಹೋದೆ. ನೈಜೀರಿಯಾದಲ್ಲಿ ಆಗ ಬೆಳಗಿನ ಒಂಬತ್ತು. ಹೊರಗೆ ಧಾರಾಕಾರ ಮಳೆ. ಫೋನಿನಲ್ಲಿ ನೀಲಿ ರುಮಾಲು ಸುತ್ತಿದ ಬಿಗಿ ಮುಖದ ಅಜ್ಜಿ ಕಾಣಿಸಿದಳು. ಅಯೋಕಾ ಫೋನಿನ ಮುಂದೆ ಮೊಣಕಾಲೂರಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಶುರುಮಾಡಿದಳು. ಒಂದು ಸಾಲೂ ತಪ್ಪಲಿಲ್ಲ. ನನಗಂತೂ ಚಪ್ಪಾಳೆ ಹೊಡೆಯುವಷ್ಟು ಖುಷಿ.

ಅಜ್ಜಿ ಒಂದೇ ಪ್ರಶ್ನೆ ಕೇಳಿದಳು. ಫೋಲಾಕೆಯ ಕೈ ಬಾಯಿಗೆ ಹೋಯಿತು. ಪಿಸುಮಾತಿನಲ್ಲಿ ನನಗೆ ಹೇಳಿದಳು: "ನಾನು ಕಲಿಸಿದ್ದು ನನ್ನ ತವರಿನ ಪದ, ಆಂಟಿ. ನನಗೆ ಬಾಯಿಪಾಠ ಇದ್ದದ್ದು ಅದೊಂದೇ. ನಾವು ನೇಯುವವರು, ಇವರು ಕಮ್ಮಾರರು. 'ನನ್ನ ಮಗನ ಮಗಳು ಯಾವಾಗ ನೇಕಾರರ ಮನೆ ಸೇರಿದಳು?' ಅಂತ ಕೇಳ್ತಿದ್ದಾರೆ."

ಶಿವನೇ! ಅವರಲ್ಲಿ ಮಕ್ಕಳಿಗೆ ಸಲ್ಲುವುದು ತಂದೆಯ ಮನೆತನದ ಪದವಂತೆ. ಅದನ್ನು ಕಲಿತು ಹೇಳಬೇಕಾದವಳು ಸೊಸೆ. ಮದುವೆಯಾದ ವಾರಕ್ಕೇ ವಿಮಾನ ಹತ್ತಿದ ಫೋಲಾಕೆಗೆ ಅದನ್ನು ಕೂಡಿಸಿಕೊಂಡು ಕಲಿಸುವವರು ಯಾರಿದ್ದರು? ವಾರಕ್ಕೊಮ್ಮೆ ಫೋನಿನಲ್ಲಿ ಕಿವಿಗೆ ಬಿದ್ದರೆ ಬಾಯಿಪಾಠವಾದೀತೇ? ಈ ಮುದುಕಿಗೆ ಇಷ್ಟು ತಿಳಿಯಬಾರದೇ ಎಂದು ನನಗೆ ಸಿಟ್ಟೇ ಬಂತು.

ಆದರೆ ಫೋನಿನಲ್ಲಿ ಬಿಗಿದ ಮುಖ ಸಡಿಲಾಗಿತ್ತು. ಮುದುಕಿ ಹೊಟ್ಟೆ ಹಿಡಿದು ನಗುತ್ತಿದ್ದಳು. "ನೇಕಾರರೂ ಒಳ್ಳೆಯ ಜನವೇ, ಆಯಿತು. ಈಗ ನಮ್ಮದು ಕೇಳು," ಎಂದು ತಮ್ಮ ಮನೆಯ ಪದ ಎತ್ತಿದಳಂತೆ. ಬೆಂಕಿ, ಸುತ್ತಿಗೆ, ಕುಡುಗೋಲು ಎಂದು ಫೋಲಾಕೆ ನನಗೆ ಒಂದೊಂದೇ ಬಿಡಿಸಿ ಹೇಳುತ್ತಿದ್ದಳು. ನಾಲ್ಕನೇ ಸಾಲಿಗೆ ಅಯೋಕಾ ಕೈಯೆತ್ತಿ ಅಜ್ಜಿಯನ್ನು ತಡೆದು, ಯೊರುಬಾದಲ್ಲಿ ಏನೋ ಅಂದಳು. ಫೋಲಾಕೆ ನನಗೆ ಬಿಡಿಸಿ ಹೇಳುವುದನ್ನು ಬಿಟ್ಟು ಮಗಳತ್ತ ತಿರುಗಿದಳು.

"ಏನಾತವಾ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ.

"'ಮೆಲ್ಲಗೆ ಹೇಳಿ ಅಜ್ಜಿ, ಇನ್ನೊಂದು ಸಲ' ಅಂದಳು. ಇದನ್ನು ನಾನು ಕಲಿಸಿರಲಿಲ್ಲ, ಆಂಟಿ. ಅವಳೇ ಆಡಿದಳು."

ಆ ದಿನ ಅಜ್ಜಿ ಸಾಲು ಸಾಲಾಗಿ ಹೇಳಿಕೊಟ್ಟು ಫೋನಿಟ್ಟದ್ದು ಒಂದೂವರೆ ತಾಸಿನ ಮೇಲೆ. ಮುಂದಿನ ಎರಡು ದಿನ ನಾನೂ ಶ್ರೀಧರನೂ ಮಾಲುಗಳನ್ನು ಸುತ್ತಿದೆವು, ಚಾಕೊಲೇಟು ಕೊಂಡೆವು. ಅದೆಲ್ಲ ಬರೆಯುವಂಥದ್ದಲ್ಲ.

ಬುಧವಾರ ಬೆಳಿಗ್ಗೆ ಹೊರಟೆ. ಚಾಲಕ ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಏರಿಸುತ್ತಿದ್ದಾಗ ಬಾಜೂ ಮನೆಯ ಅಡುಗೆಮನೆ ಕಿಟಕಿಯಲ್ಲಿ ದನಿ ಕೇಳಿತು. ಹೋಗಿ ಬರುತ್ತೇನೆ ಎನ್ನಲು ಹತ್ತಿರ ಹೋದೆ. ಅಯೋಕಾ ಶಾಲೆಯ ಸಮವಸ್ತ್ರದಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಫೋಲಾಕೆ ಡಬ್ಬಿಗೆ ಅನ್ನ ತುಂಬುತ್ತಾ ಕಮ್ಮಾರರ ಪದ ಹೇಳುತ್ತಿದ್ದಳು. ಒಂದು ಕಡೆ ತಡವರಿಸಿ ನಿಂತಳು. ಮಗಳು ಆ ಸಾಲನ್ನು ಹೇಳಿಕೊಟ್ಟಳು. ತಾಯಿ ಅದನ್ನೇ ಮತ್ತೆ ಹೇಳಿದಳು. ಅಲ್ಲವೆಂದು ತಲೆಯಾಡಿಸಿ ಮಗಳು ಇನ್ನೊಮ್ಮೆ ತಿದ್ದಿದಳು.

ನಾನು ಕರೆಯಲಿಲ್ಲ. ಸೊಸೆ ಪಾಠ ಕಲಿಯುತ್ತಿದ್ದಳು.